ಅಂಗಡಿಯ ಹೊಸ್ತಿಲು

ಕೊಳ್ಳೇಗಾಲದ ಪೇಟೆಗೆ ಮದುವೆಯ ಸೀರೆ ಕೊಳ್ಳಲು ಹೋದವರಿಗೆ ಅಲ್ಲಿಯ ಹಳೆಯ ವರ್ತಕರ ಉಪಚಾರದ ಪರಿಚಯ ಇದ್ದೇ ಇರುತ್ತದೆ. ಪಾದರಕ್ಷೆಯನ್ನು ಹೊರಗೆ ಬಿಟ್ಟು ಒಳಗೆ ಅಡಿಯಿಟ್ಟರೆ ಬಿಳಿಯ ಹಾಸು ಹೊದಿಸಿದ ಮೆತ್ತೆ. ಕುಳಿತವರ ಮುಂದೆ ಮೊದಲು ಬರುವುದು ಸೀರೆಯಲ್ಲ, ನೀರು. ಮದುವೆ ಯಾರದು, ಮುಹೂರ್ತ ಎಂದು, ಹೆಣ್ಣು ಯಾವ ಊರಿನವಳು ಎಂಬ ವಿಚಾರಣೆಯೆಲ್ಲ ಮುಗಿದ ಮೇಲೆ ಬೀರುವಿನಿಂದ ಮೊದಲನೆಯ ಸೀರೆ ಇಳಿಯುತ್ತದೆ. ಮಡಿಕೆ ಬಿಡಿಸಿ ಅದನ್ನು ಬೀಸಿ ಹಾಸಿದಾಗ ಸೆರಗಿನ ಜರಿ ಬೆಳಕಿಗೆ ತಿರುಗುತ್ತದೆ. ಹತ್ತು ಸೀರೆ ಹಾಸಿಸಿ ಒಂದನ್ನೂ ಕೊಳ್ಳದೆ ಎದ್ದರೂ ಬಲ್ಲ ವರ್ತಕನು ಮುಖ ಸಿಂಡರಿಸುವುದಿಲ್ಲ. ಹಾಸಿದ್ದನ್ನು ಮತ್ತೆ ಮಡಿಸುತ್ತಲೇ ‘ಹೋಗಿ ಬನ್ನಿ’ ಎನ್ನುತ್ತಾನೆ. ಗಿರಾಕಿ ಬರುವುದು ಆ ಮಾತಿಗೇ.

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತಷ್ಟೆ. ಆದುದರಿಂದಲೋ ಏನೋ, ಇಲ್ಲಿಯ ಅಂಗಡಿಕಾರನಿಗೆ ಎದುರು ನಿಂತವರ ಭಾಷೆಯಲ್ಲಿ ಮಾತಾಡುವುದು ಸಹಜವಾಗಿ ಬಂದಿದೆ. ಕನ್ನಡದಲ್ಲಿ ಲೆಕ್ಕ ಹಾಕುತ್ತ, ತಮಿಳಿನಲ್ಲಿ ಕ್ರಯ ಹೇಳುತ್ತ, ನೇಯ್ಗೆಯವನೊಡನೆ ತೆಲುಗಿನಲ್ಲಿ ಮಾತು ಮುಗಿಸುವವರು ಇಲ್ಲಿ ಅಪರೂಪವಲ್ಲ. ಯಳಂದೂರಿನ ಹೊನ್ನಮ್ಮನಿಗೆ ‘ಸಂಚಿ’ ಎಂಬ ಬಿರುದು ಬಂದುದು ಚಿಕ್ಕದೇವರಾಜ ಒಡೆಯರ ಅರಮನೆಯ ಎಲೆಯಡಿಕೆಯ ಚೀಲವನ್ನು ಹಿಡಿದ ಊಳಿಗದಿಂದ. ಬಂದವರಿಗೆ ತಾಂಬೂಲ ಕೊಡುವ ಮರ್ಯಾದೆಯನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಈಗ ಸಣ್ಣ ಅಂಗಡಿಯನ್ನು ಗಿರಾಕಿಯ ಮನಸ್ಸಿಗೆ ಒಪ್ಪುವಂತೆ ಅಣಿಗೊಳಿಸುವುದು ಒಂದು ಶಾಸ್ತ್ರವೇ ಆಗಿದೆ. ಗೋಡೆಗೆ ಎಂಥ ಬಣ್ಣ, ದೀಪ ಎಲ್ಲಿ, ಕನ್ನಡಿ ಎಷ್ಟು ಎತ್ತರ, ಯಾವ ಸರಕು ಕಣ್ಣಿಗೆ ಮೊದಲು ಬೀಳಬೇಕು ಎಂಬುದನ್ನೆಲ್ಲ ಬಲ್ಲವರು ಹೇಳಿಕೊಡುತ್ತಾರೆ. ಅದನ್ನು ನಾವು ಹಳಿಯುವುದಿಲ್ಲ. ಕತ್ತಲೆಯ ಮಳಿಗೆಯಲ್ಲಿ ಅಕ್ಕಿಯ ಕಲ್ಲು ಕಾಣದೆ, ಸೀರೆಯ ಬಣ್ಣ ತಿಳಿಯದೆ ಮೋಸಹೋದವರಿಗೆ ಒಳ್ಳೆಯ ದೀಪದ ಬೆಲೆ ಗೊತ್ತು. ಸರಕಿನ ಮೇಲೆ ಕ್ರಯವನ್ನು ಬರೆದಿಡುವ ಪದ್ಧತಿಯಂತೂ ಬಹು ದೊಡ್ಡ ಉಪಕಾರ. ಚೌಕಾಸಿಯ ಚಾತುರ್ಯವಿಲ್ಲದ ಅಂಜುಬುರುಕನಿಗೂ ಊರ ಯಜಮಾನನಿಗೂ ಅದು ಒಂದೇ ಬೆಲೆಯನ್ನು ಹೇಳುತ್ತದೆ. ಮುಖ ನೋಡಿ ಮಣೆ ಹಾಕುವುದಿಲ್ಲ.

ಆದರೆ ಈ ಶಾಸ್ತ್ರವು ಗಿರಾಕಿಯು ಒಳಗೆ ಬಂದ ಮೇಲಿನ ಮಾತನ್ನು ಹೇಳುತ್ತದೆ. ಹೊಸ್ತಿಲಿನ ಹೊರಗೇ ನಿಂತವರ ಮಾತೇನು?

ಹಳೆಯ ಜಗಲಿಯಂಗಡಿಯನ್ನು ನೆನೆದು ನಿಟ್ಟುಸಿರುಬಿಡುವವರು ನಮ್ಮಲ್ಲಿ ಬಹಳ. ಹಲಗೆಯ ಬಾಗಿಲು, ಗಲ್ಲಾಪೆಟ್ಟಿಗೆ, ತಕ್ಕಡಿ, ತೂಕದ ಮೇಲೆ ಒಂದು ಹಿಡಿ ಕೊಸರು, ಮಗುವಿನ ಕೈಗೊಂದು ಬೆಲ್ಲದ ಚೂರು! ನಿಜ, ಅವೆಲ್ಲ ಇದ್ದವು. ಆದರೆ ಆ ಜಗಲಿಯ ಮೇಲೆ ಎಲ್ಲರೂ ಕುಳಿತವರಲ್ಲ. ಬೀದಿಯಲ್ಲೇ ನಿಂತು, ದೂರದಿಂದಲೇ ಕೂಗಿ, ಎತ್ತರದಿಂದ ಸೆರಗಿಗೆ ಬಿದ್ದ ಉಪ್ಪು ಮೆಣಸಿನಕಾಯಿಗಳನ್ನು ಕಟ್ಟಿಕೊಂಡು ಹೋದವರ ಮಕ್ಕಳು ಮೊಮ್ಮಕ್ಕಳು ಇಂದು ಶಾಲೆ ಕಾಲೇಜುಗಳಲ್ಲಿ ಓದುತ್ತಿದ್ದಾರೆ, ಪಾಠ ಹೇಳುತ್ತಿದ್ದಾರೆ. ಈ ಪುಟವನ್ನು ಓದುವವರಲ್ಲಿಯೂ ಅವರಿದ್ದಾರೆ. ಕೊಸರಿನ ಸವಿ ನಮಗೆ ನೆನಪಿರುವಂತೆ ಅವರ ಮನೆಗಳಲ್ಲಿ ಬೇರೆಯದೇ ಒಂದು ನೆನಪಿದೆ. ಚಹದಂಗಡಿಗಳ ಎರಡು ಬಗೆಯ ಲೋಟಗಳ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಅದು ಎಲ್ಲರೂ ಬಲ್ಲದ್ದೇ.

ನಮ್ಮ ಸಂವಿಧಾನವು ಎಷ್ಟೋ ದೊಡ್ಡ ವಿಷಯಗಳ ನಡುವೆ ಅಂಗಡಿಯ ಹೆಸರನ್ನೂ ಎತ್ತಿದೆಯೆಂಬುದನ್ನು ಹಲವರು ಗಮನಿಸಿರಲಿಕ್ಕಿಲ್ಲ. ಜಾತಿ, ಮತ, ಲಿಂಗ, ಹುಟ್ಟಿದ ಊರು ಇವುಗಳ ಕಾರಣದಿಂದ ಯಾರನ್ನೂ ಅಂಗಡಿಗೆ ಪ್ರವೇಶಿಸದಂತೆ ತಡೆಯಲಾಗದೆಂದು 15ನೆಯ ಅನುಚ್ಛೇದ ಹೇಳುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆಯುತ್ತಿದ್ದಾಗ, ಈ ‘ಅಂಗಡಿ’ ಎಂಬ ಮಾತಿನ ವ್ಯಾಪ್ತಿ ಎಷ್ಟೆಂಬ ಪ್ರಶ್ನೆ ಬಂತು. ಡಾಕ್ಟರ್ ಅಂಬೇಡ್ಕರರು ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಕೋರಿ ಬಂದ ಯಾರಿಗೇ ಆಗಲಿ ತನ್ನ ಸೇವೆಯನ್ನು ನೀಡಲು ಒಡೆಯನು ಸಿದ್ಧನಾಗಿರುವ ಸ್ಥಳವೇ ಅಂಗಡಿ. ಈ ಅರ್ಥದಿಂದ ನೋಡಿದರೆ, ಒಬ್ಬನಿಗಾದರೂ ಬಾಗಿಲು ಮುಚ್ಚಿದ ಅಂಗಡಿ ಅಂಗಡಿಯೇ ಅಲ್ಲ, ಬರಿಯ ಉಗ್ರಾಣ. ಆ ಮೇಲೆ 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬಂದು, ತಡೆದವರಿಗೆ ಶಿಕ್ಷೆಯೂ ಗೊತ್ತಾಯಿತು.

ಕಾನೂನು ಬಾಗಿಲನ್ನು ತೆರೆಸಬಲ್ಲದು; ‘ಬನ್ನಿ’ ಎಂದು ಹೇಳಿಸಲಾರದು. ಕನ್ನಡದಲ್ಲಿ ಈ ತೊಡಕು ಇನ್ನೂ ಹೆಚ್ಚು. ನಮ್ಮ ಕ್ರಿಯಾಪದವೇ ಎದುರಿಗಿರುವವರ ಅಂತಸ್ತನ್ನು ಅಳೆದುಬಿಡುತ್ತದೆ. ಇಸ್ತ್ರಿಯ ಅಂಗಿ ತೊಟ್ಟವರಿಗೆ ‘ಬನ್ನಿ ಸ್ವಾಮಿ, ಏನು ಕೊಡಲಿ?’ ಎಂದ ಬಾಯಿಯೇ, ಮಾಸಿದ ಪಂಚೆಯ ಮುದುಕನಿಗೆ ‘ಏನೋ, ಏನು ಬೇಕೋ?’ ಎನ್ನುತ್ತದೆ. ಕಾಸು ಒಂದೇ, ಸರಕು ಒಂದೇ, ತಕ್ಕಡಿ ಒಂದೇ, ಪ್ರತ್ಯಯ ಬೇರೆ. ಬಿಳಿಗಿರಿರಂಗನ ಬೆಟ್ಟದಿಂದ ಯಳಂದೂರಿಗೆ ಇಳಿದು ಬರುವ ಸೋಲಿಗ ಹೆಂಗಸು ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ಒಳಗೆ ನೋಡುವುದು ಸರಕನ್ನಲ್ಲ, ಕುಳಿತವನ ಮುಖವನ್ನು. ಅವಳ ಬೆಟ್ಟದ ಜೇನು ನೆಲ್ಲಿಕಾಯಿಗಳಿಗೆ ಮಾರುಕಟ್ಟೆಯಲ್ಲಿ ಇರುವ ಮರ್ಯಾದೆ ಅವಳಿಗೂ ಇರಬೇಡವೆ?

ಇನ್ನೊಂದು ವಿಷಯ. ಈ ಮೂರು ತಾಲ್ಲೂಕುಗಳ ನೆಲದಲ್ಲಿ ಇಂದಿಗೂ ಹಾಡಿಕೊಂಡು ಬರುತ್ತಿರುವ ಎರಡು ಮಹಾಕಾವ್ಯಗಳೂ ಬಾಗಿಲಲ್ಲಿ ತಡೆಯಲ್ಪಟ್ಟವರ ಕಥೆಗಳೇ. ಮಂಟೇಸ್ವಾಮಿ ಹೇಸಿಗೆಯ ವೇಷದಲ್ಲಿ ಕಲ್ಯಾಣಕ್ಕೆ ಬಂದಾಗ ಅಲ್ಲಿಯವರು ಮೂಗು ಮುಚ್ಚಿಕೊಂಡು ಅವನನ್ನು ಹೊರಗೆ ನಿಲ್ಲಿಸುತ್ತಾರೆ. ಅವನ ಶಿಶುಮಗ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿಗೆ ಹೋಗಿ ಪಡದ ಪಾಡು ಪಡುತ್ತಾನೆ. ಮಾದಪ್ಪನನ್ನು ತಿರಸ್ಕರಿಸಿದ ಬೇವಿನಹಟ್ಟಿ ಕಾಳಮ್ಮನ ಸಿರಿ ಏನಾಯಿತೆಂಬುದನ್ನು ಕಂಸಾಳೆಯವರ ಬಾಯಲ್ಲಿಯೇ ಕೇಳಬೇಕು. ನೀಲಗಾರರ ಹಾಡನ್ನು ಚಿಕ್ಕಲ್ಲೂರಿನಲ್ಲಿ ಇರುಳೆಲ್ಲ ಕೂತು ಕೇಳಿ ಕಣ್ಣೊರಸಿಕೊಂಡವನು ಬೆಳಗ್ಗೆ ತನ್ನ ಅಂಗಡಿಯ ಹಲಗೆ ತೆಗೆದಾಗ ಆ ಕಥೆಯನ್ನು ಮರೆತುಬಿಡುವುದು ನಮಗೆ ಸೋಜಿಗವಾಗಿ ಕಾಣುತ್ತದೆ.

ಹೊಸ ಕಾಲದ ಗಾಜಿನ ಬಾಗಿಲು ಯಾರ ಜಾತಿಯನ್ನೂ ಕೇಳುವುದಿಲ್ಲವೆಂಬುದು ನಿಜವಾದರೂ, ಅದಕ್ಕೂ ಒಂದು ಬಗೆಯ ಗತ್ತು ಬಂದಿದೆ. ಒಳಗಿನ ತಂಪು, ನೆಲದ ನುಣುಪು, ಸಮವಸ್ತ್ರದ ಹುಡುಗರು, ಇವನ್ನು ಹೊರಗಿನಿಂದ ಕಂಡ ಹಳ್ಳಿಯ ಜನ ಚಪ್ಪಲಿಯನ್ನು ಬಿಡಬೇಕೋ ತೊಟ್ಟೇ ಬರಬೇಕೋ ತಿಳಿಯದೆ ಹಿಂಜರಿಯುತ್ತಾರೆ. ಕೆಲವರು ಹಾಗೆಯೇ ಹಿಂದಿರುಗುತ್ತಾರೆ. ಇದಕ್ಕೆ ಬೇಕಾದ ಪರಿಹಾರ ದುಬಾರಿಯದಲ್ಲ. ಹೊಸ್ತಿಲು ಬೀದಿಗೆ ಸಮವಾಗಿರಲಿ, ಮೊಣಕಾಲು ನೋವಿನವರೂ ಎಡವದೆ ಬರಲಿ. ಬಾಗಿಲ ಬಳಿಯೇ ಒಂದು ಬೆಂಚು, ಒಂದು ಹೂಜಿ ನೀರು, ಎಲ್ಲರಿಗೂ ಒಂದೇ ತರದ ಲೋಟ. ಕ್ರಯ ಕನ್ನಡದ ಅಂಕಿಗಳಲ್ಲಿ, ಹನೂರಿನ ಕಡೆ ಬೇಕಿದ್ದರೆ ತಮಿಳಿನಲ್ಲಿಯೂ, ಮುದುಕರ ಕಣ್ಣಿಗೆ ಕಾಣುವಷ್ಟು ದಪ್ಪನಾಗಿ. ಚಿಲ್ಲರೆಯನ್ನು ಕೈಯಲ್ಲಿ ಕೊಡುವುದು, ಮೇಜಿನ ಮೇಲೆ ಎಸೆಯದಿರುವುದು. ಕೆಲಸದ ಹುಡುಗರಿಗೂ ದಿನವಿಡೀ ನಿಲ್ಲುವ ಶಿಕ್ಷೆಯನ್ನು ತಪ್ಪಿಸಿ ಕೂರಲೊಂದು ಮಣೆ. ಕಾಲು ನೊಂದವನ ಮುಖದಲ್ಲಿ ನಗುವನ್ನು ಹುಡುಕುವುದು ವ್ಯರ್ಥ. ಇವಿಷ್ಟಾದ ಮೇಲೆ ಗೋಡೆಗೆ ಬೇಕಾದ ಬಣ್ಣ ಬಳಿಯಬಹುದು.

ಸರಕಿಗೆ ಇನ್ನು ಯಾರೂ ಅಂಗಡಿಯ ಬಾಗಿಲಿಗೇ ಬರಬೇಕಾಗಿಲ್ಲ, ಮನೆಯಲ್ಲಿ ಕುಳಿತೇ ತರಿಸಿಕೊಳ್ಳಬಹುದೆಂಬ ಕಾಲವಿದು. ಫೋನಿನಲ್ಲಿ ಕೊಳ್ಳುವವನನ್ನು ಯಾರೂ ಏಕವಚನದಲ್ಲಿ ಮಾತಾಡಿಸುವುದಿಲ್ಲ. ಸಣ್ಣ ವರ್ತಕರು ಬೆಲೆಯ ಪೈಪೋಟಿಯನ್ನು ಮಾತ್ರ ಲೆಕ್ಕಹಾಕದೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಶಿವರಾತ್ರಿಯ ಹತ್ತಿರದ ದಿನಗಳಲ್ಲಿ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ದಾರಿಯಾಗಿ ‘ಉಘೇ ಮಾದಪ್ಪ’ ಎನ್ನುತ್ತ ಪರಸೆಯ ಜನ ನಡೆದುಹೋಗುವಾಗ, ದಾರಿಯುದ್ದಕ್ಕೂ ನೀರು ಮಜ್ಜಿಗೆಗಳನ್ನು ಹಂಚುವವರು ಬಂದವರ ಕುಲವನ್ನು ಕೇಳುವುದಿಲ್ಲ. ಆಗ ಕರೆದು ಮಜ್ಜಿಗೆ ಕೊಟ್ಟವನ ಅಂಗಡಿಗೇ, ಎರಡು ತಿಂಗಳ ತರುವಾಯ, ಮಗಳ ಧಾರೆಯ ಸೀರೆಗೆಂದು ಆ ಪರಸೆಯವರಲ್ಲೊಬ್ಬ ಬಂದು ಗಾಜಿನ ಬಾಗಿಲ ಹೊರಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿರುತ್ತಾನೆ.