ಯಂತ್ರದ ಬಲವೋ, ವಿಧಾನದ ಬಲವೋ?

ರೇಡಾರಿನಿಂದ ಹೊರಟ ಅಲೆ ವಿಮಾನಕ್ಕೆ ತಾಗಿ ದಿಕ್ಕುದಿಕ್ಕಿಗೆ ಚೆದರುತ್ತದೆ. ಎಷ್ಟಂಶ ಎತ್ತ ಚೆದರುವುದೆಂಬುದನ್ನು ಮುಂದಾಗಿಯೇ ಲೆಕ್ಕ ಹಾಕಬಹುದೇ? ತತ್ತ್ವತಃ ಹಾಕಬಹುದು, ಅದಕ್ಕೆ ಬೇಕಾದ ಸಮೀಕರಣಗಳನ್ನು ಮ್ಯಾಕ್ಸ್‌ವೆಲ್ಲನು 1865ರಲ್ಲಿಯೇ ಪ್ರಕಟಿಸಿದನು. ಆದರೆ ಸಮೀಕರಣವನ್ನು ಬರೆಯುವುದು ಬೇರೆ, ಬಿಡಿಸುವುದು ಬೇರೆ. ಗೋಳಕ್ಕೆ ಗುಸ್ಟಾವ್ ಮೀ ಎಂಬಾತನು 1908ರಲ್ಲಿ ನಿಖರವಾದ ಉತ್ತರವನ್ನು ಕೊಟ್ಟನು. ರೆಕ್ಕೆಬಾಲಗಳುಳ್ಳ ವಿಮಾನಕ್ಕೆ ಅಂಥ ಸೂತ್ರವಿಲ್ಲ.

ಆದುದರಿಂದ ಅದರ ಮೈಯನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿ ಹರಿಯುವ ವಿದ್ಯುತ್ತನ್ನು ಅಜ್ಞಾತವೆಂದು ಭಾವಿಸಿ, ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಕು. ಹ್ಯಾರಿಂಗ್ಟನ್ನನ 1968ರ ಗ್ರಂಥದಿಂದ ಪ್ರಚಾರ ಪಡೆದ ಕ್ರಮವಿದು. ತುಂಡಿನ ಅಗಲ ತರಂಗದೂರದ ಹತ್ತರಲ್ಲೊಂದು ಪಾಲಿರಬೇಕೆಂಬುದು ರೂಢಿ. ತರಂಗದೂರ 3 ಸೆಂಟಿಮೀಟರ್ ಆದರೆ, ಒಂದು ಚದರ ಮೀಟರಿನಲ್ಲಿಯೇ ಲಕ್ಷಕ್ಕೂ ಮಿಕ್ಕ ತುಂಡುಗಳಾಗುತ್ತವೆ. ತರಂಗದೂರವನ್ನು ಅರ್ಧ ಮಾಡಿದರೆ ತುಂಡುಗಳು 4 ಪಟ್ಟು. ಪ್ರತಿ ತುಂಡಿಗೂ ಉಳಿದೆಲ್ಲವುಗಳೊಡನೆ ಸಂಬಂಧವಿರುವುದರಿಂದ ಸಂಖ್ಯೆಗಳ ಕೋಷ್ಟಕ 16 ಪಟ್ಟು. ಅದನ್ನು ನೇರವಾಗಿ ಬಿಡಿಸುವ ಶ್ರಮ 64 ಪಟ್ಟು!

ಇನ್ನೂ ದೊಡ್ಡ ಗಣಕಯಂತ್ರ ಬಂದರೆ ಎಲ್ಲವೂ ಬಗೆಹರಿಯುವುದೆಂದು ಹಲವರು ನಂಬಿರುವರು. ಇದನ್ನು ನಾವು ಒಪ್ಪಲಾರೆವು. 64 ಪಟ್ಟು ವೇಗದ ಯಂತ್ರವನ್ನು ತಂದರೂ ಗಳಿಸುವುದು ಮೇಲೆ ಹೇಳಿದ ಒಂದೇ ಹೆಜ್ಜೆ. ಈ ಬೆಟ್ಟವನ್ನು ತಗ್ಗಿಸಿದುದು ಒಂದು ಉಪಾಯ: ದೂರದ ತುಂಡುಗಳನ್ನು ಗುಂಪುಗೂಡಿಸಿ ಅವುಗಳ ಪ್ರಭಾವವನ್ನು ಒಟ್ಟಾಗಿ ಎಣಿಸುವುದು. ಗ್ರೀನ್‌ಗಾರ್ಡ್ ಮತ್ತು ರೊಖ್ಲಿನ್ ಇವರು 1987ರಲ್ಲಿ ವಿದ್ಯುದಂಶಗಳಂಥ ಕಣಗಳಿಗಾಗಿ ಪ್ರಕಟಿಸಿದ ಈ ವಿಧಾನವನ್ನು ಮುಂದೆ ಅಲೆಗಳಿಗೂ ಅನ್ವಯಿಸಲಾಯಿತು.

ಇನ್ನೊಂದು ನಿದರ್ಶನವನ್ನು ನೋಡಿರಿ. ರೇಡಾರಿಗೆ ಸುಲಭವಾಗಿ ಸಿಕ್ಕದ ಅಮೆರಿಕದ ಎಫ್-117 ವಿಮಾನ 1981ರಲ್ಲಿ ಮೊದಲು ಹಾರಿತು. ಅದರ ಮೈಯೆಲ್ಲ ಚಪ್ಪಟೆ ಮುಖಗಳು; ಏಕೆಂದರೆ 1970ರ ದಶಕದ ಗಣಕಗಳಿಗೆ ಬಾಗಿದ ಮೈಯ ಲೆಕ್ಕ ಎಟುಕುತ್ತಿರಲಿಲ್ಲ. ಆ ಮುಖಗಳ ಅಂಚಿನಲ್ಲಿ ಅಲೆ ಹೇಗೆ ಚೆದರುವುದೆಂಬ ಸಿದ್ಧಾಂತವು ದೊರೆತದ್ದಾದರೂ ಎಲ್ಲಿಂದ? ಸೋವಿಯತ್ ವಿಜ್ಞಾನಿ ಉಫಿಮ್ತ್ಸೆವ್ 1962ರಲ್ಲಿ ಪ್ರಕಟಿಸಿದ ಪುಸ್ತಕದಿಂದ!

ಇಂದು ಸಿದ್ಧ ತಂತ್ರಾಂಶಗಳು ಬಣ್ಣಬಣ್ಣದ ಚಿತ್ರಗಳನ್ನು ಕ್ಷಣದಲ್ಲಿ ಬಿಡಿಸಿಕೊಡುತ್ತವೆ. ಚಿತ್ರ ಅಂದವಾಗಿದ್ದ ಮಾತ್ರಕ್ಕೆ ಉತ್ತರ ಸರಿಯಾಗದು. ತುಂಡುಗಳು ದೊಡ್ಡವಾದರೆ ಯಂತ್ರವು ತಪ್ಪನ್ನೂ ಅಷ್ಟೇ ಅಂದವಾಗಿ ತೋರಿಸುತ್ತದೆ. ಆದಕಾರಣ ವಿದ್ಯಾರ್ಥಿಗಳು ಮೊದಲು ಗೋಳದ ಲೆಕ್ಕವನ್ನು ಮಾಡಿಸಿ, ಮೀಯ ಉತ್ತರದೊಡನೆ ತಾಳೆ ನೋಡಲಿ. ಬಳಿಕ ವಿಮಾನಕ್ಕೆ ಕೈಹಾಕಲಿ. ನಮ್ಮ ಕಾಲೇಜುಗಳೂ ಯಂತ್ರಗಳನ್ನು ಕೊಳ್ಳುವಷ್ಟೇ ಆಸ್ಥೆಯಿಂದ ಗಣಿತವನ್ನು ಕಲಿಸಲಿ. ಲೆಕ್ಕ ಮಾಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು; ಪರೀಕ್ಷಿಸುವ ಹೊಣೆಯನ್ನು ಒಪ್ಪಿಸಲಾಗದು.