ಮುಖ ನೋಡಿ ಮಣೆ ಹಾಕಲಿ

ಮುಖ ನೋಡಿ ಮಣೆ ಹಾಕುವವರನ್ನು ನಮ್ಮ ಹಿರಿಯರು ಮೆಚ್ಚುತ್ತಿರಲಿಲ್ಲ. ಅಂಗಳಕ್ಕೆ ಬಂದವರನ್ನೆಲ್ಲ ಸಮಾನವಾಗಿ ಕಾಣಬೇಕೆಂಬುದು ಅವರ ನೀತಿ. ಆದರೆ ಎಲ್ಲರನ್ನೂ ಒಂದೇ ತೆರನಾಗಿ ಕಂಡರೆ ಅನ್ಯಾಯವಾಗುವ, ಮುಖ ನೋಡಿಯೇ ಮಣೆ ಹಾಕಬೇಕಾದ ಜಾಗವೂ ಒಂದುಂಟು. ಅದು ಚರ್ಮದ ಚಿಕಿತ್ಸಾಲಯ.

ಇತ್ತಿತ್ತಲಾಗಿ ನಮ್ಮ ಸಣ್ಣ ಪೇಟೆಗಳಲ್ಲಿಯೂ ಮುಖದ ಚಿಕಿತ್ಸೆಯ ಬೋರ್ಡುಗಳು ಏಳುತ್ತಿವೆ. ಬೇಡದ ಕೂದಲು, ಮೊಡವೆಯ ಗುಂಡಿ, ಬಂಗು, ಜೋತುಬಿದ್ದ ಕೆನ್ನೆ, ಎಲ್ಲಕ್ಕೂ ಯಂತ್ರವಿದೆಯೆಂದು ಅವು ಸಾರುತ್ತವೆ. ಚಿಕಿತ್ಸಾಲಯ ತೆರೆಯುವವರ ಮುಂದಿರುವ ಪ್ರಶ್ನೆ, ಲೇಸರ್ ತರಿಸುವುದೋ, ರೇಡಿಯೋ ಫ್ರೀಕ್ವೆನ್ಸಿ ತರಿಸುವುದೋ ಎಂಬುದು. ಇದು ಬಂಡವಾಳ ಹಾಕುವವರ ತಲೆನೋವು, ನಮಗೇಕೆ ಎಂದು ಓದುಗರು ಕೇಳಬಹುದು. ಆ ಬಂಡವಾಳ ಬಡ್ಡಿ ಸಮೇತ ಹಿಂದೆ ಬರಬೇಕಾದುದು ನಮ್ಮ ಮನೆಯ ಮಕ್ಕಳ ಮುಖದಿಂದ. ಆದುದರಿಂದ ಈ ವಿಚಾರದಲ್ಲಿ ಮಾತಾಡುವ ಹಕ್ಕು ನಮಗೂ ಉಂಟು.

ನನ್ನ ಸೋದರ ಸೊಸೆಯೊಬ್ಬಳ ಸಂಗತಿ ಹೇಳುತ್ತೇನೆ. ಬದಿಯಡ್ಕದಿಂದ ಮೂಡು ದಿಕ್ಕಿನ ಹಳ್ಳಿಯವಳು. ಮದುವೆ ನಿಶ್ಚಯವಾಗಿತ್ತು. ಗದ್ದದ ಮೇಲಿನ ಕೂದಲು ತೆಗೆಸಲೆಂದು ಪೇಟೆಯ ಒಂದು ಚಿಕಿತ್ಸಾಲಯಕ್ಕೆ ಹೋದಳು. ಅಡಿಕೆ ಒಣಗಿಸುವ ಕಾಲ. ಅದಕ್ಕೆ ಮೊದಲಿನ ಎರಡು ವಾರ ಅಂಗಳದ ಬಿಸಿಲಿನಲ್ಲೇ ಕಳೆದಿದ್ದಳು. ಅಲ್ಲಿ ಇಂಗ್ಲಿಷಿನ ಒಂದು ಕಾಗದಕ್ಕೆ ಸಹಿ ಹಾಕಿಸಿದರು. ಯಂತ್ರ ಹಿಡಿದ ಹುಡುಗಿ ಮಲಯಾಳದಲ್ಲಿ ಅವಸರವಾಗಿ ಎರಡು ಪ್ರಶ್ನೆ ಕೇಳಿದಳು. ಇವಳು ತಲೆಯಾಡಿಸಿದಳು. ಮರುದಿನ ಗದ್ದದ ಎರಡು ಬದಿಗೂ ಸುಟ್ಟ ಪಟ್ಟೆಗಳು. ವಾರದೊಳಗೆ ಅವು ಕಪ್ಪಾದುವು. ಆ ಕಪ್ಪು ಮಾಸಲು ಐದು ತಿಂಗಳು ಹಿಡಿಯಿತು; ಮದುವೆ ಅಷ್ಟು ದಿನ ಕಾಯಲಿಲ್ಲ. "ಅವರು ಕೇಳಿದ್ದು ಬಿಸಿಲಿನ ವಿಷಯ ಅಂತ ಆಮೇಲೆ ಗೊತ್ತಾಯಿತು ಮಾವ. ಆಗ ಅರ್ಥವಾಗಲಿಲ್ಲ, ಮತ್ತೆ ಕೇಳಲಿಕ್ಕೆ ನಾಚಿಕೆಯಾಯಿತು" ಎಂದಳು.

ಆ ಮೇಲೆ ಈ ವಿಷಯವನ್ನು ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡೆ. ಅದರಲ್ಲಿ ಎಲ್ಲ ಮನೆಯವರಿಗೂ ತಿಳಿದಿರಬೇಕಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಲೇಸರ್ ಎಂದರೆ ಬೆಳಕು. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊತ್ತಮೊದಲ ಲೇಸರನ್ನು ಬೆಳಗಿಸಿದರು. ಅದನ್ನು ಚರ್ಮದೊಳಗೆ ಗುರಿಯಿಟ್ಟು ಹೊಡೆಯುವ ತತ್ತ್ವವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬಿಬ್ಬರು ವಿವರಿಸಿದರು. ಕೂದಲಿನ ಕಪ್ಪು, ರಕ್ತದ ಕೆಂಪು, ಜೀವಕೋಶದ ನೀರು, ಇವು ಒಂದೊಂದೂ ಬೇರೆ ಬೇರೆ ತರಂಗಾಂತರದ ಬೆಳಕನ್ನು ಹೀರುತ್ತವೆ; ಹೀರಿದ ವಸ್ತು ಕಾದು ನಾಶವಾಗುತ್ತದೆ; ಪಕ್ಕದ್ದು ಉಳಿಯುತ್ತದೆ. ಕೂದಲು ತೆಗೆಯುವ ಲೇಸರ್ ಕೂದಲಿನ ಕಪ್ಪನ್ನು ಹುಡುಕಿಕೊಂಡು ಹೋಗಿ ಬುಡವನ್ನು ಸುಡುತ್ತದೆ. ತತ್ತ್ವವೇನೋ ಸೊಗಸು. ಆದರೆ ಅದೇ ಕಪ್ಪು ನಮ್ಮ ಮೇಲ್ಚರ್ಮದಲ್ಲಿಯೂ ಉಂಟಲ್ಲ! ಬೆಳಕಿಗೆ ಕೂದಲು ಯಾವುದು, ಚರ್ಮ ಯಾವುದೆಂಬ ವಿವೇಚನೆ ಇಲ್ಲ. ಬಿಸಿಲಿಗೆ ಕಂದಿದ ಮುಖವಾದರೆ ಅಪಾಯ ಇಮ್ಮಡಿ.

ಹೀಗಾಗಿ ಲೇಸರ್ ಎಂಬ ಒಂದು ಹೆಸರಿನಿಂದ ಏನೂ ತಿಳಿಯುವುದಿಲ್ಲ. ಕೂದಲು ತೆಗೆಯುವ ಲೇಸರುಗಳಲ್ಲಿಯೇ 755 ನ್ಯಾನೊಮೀಟರಿನ ಅಲೆಕ್ಸಾಂಡ್ರೈಟ್ ಬಿಳಿಯ ಚರ್ಮಕ್ಕೆ ಒಪ್ಪುವಂಥದು. 800ರ ಸುತ್ತಮುತ್ತಲಿನ ಡಯೋಡ್ ಮಧ್ಯದ್ದು. 1064 ನ್ಯಾನೊಮೀಟರಿನ ಎನ್‌ಡಿ ಯಾಗ್ ಆಳಕ್ಕೆ ಇಳಿಯುತ್ತದೆ, ಮೇಲ್ಚರ್ಮದ ಕಪ್ಪನ್ನು ಕಡಮೆ ಕೆಣಕುತ್ತದೆ. ಕಂದು ಚರ್ಮದವರಿಗೆ ಇವುಗಳಲ್ಲಿ ಹೆಚ್ಚು ಸುರಕ್ಷಿತವಾದುದು ಅದೇ. ನನ್ನ ಸೊಸೆಗೆ ಹಿಡಿದ ಯಂತ್ರ ಇವು ಮೂರೂ ಅಲ್ಲ. ಅದು ಐಪಿಎಲ್ ಎಂಬ ಪ್ರಖರ ದೀಪ. ಒಂದೇ ತರಂಗಾಂತರದ ಬದಲು ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಚೆಲ್ಲುವ ಆ ದೀಪವನ್ನೂ ಲೇಸರೆಂದೇ ಕರೆದು ಹಣ ಪಡೆಯುವವರಿದ್ದಾರೆ.

ಇನ್ನು ರೇಡಿಯೋ ಫ್ರೀಕ್ವೆನ್ಸಿ, ಚಿಕ್ಕದಾಗಿ ಆರ್‌ಎಫ್. ಇದು ಬೆಳಕಲ್ಲ, ವಿದ್ಯುತ್ತು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ವಿದ್ಯುತ್ತು ಚರ್ಮದ ಮೂಲಕ ಹರಿಯುವಾಗ ಅಲ್ಲಿಯ ಪ್ರತಿರೋಧದಿಂದ ಕಾವು ಹುಟ್ಟುತ್ತದೆ. ಆ ಕಾವಿಗೆ ಚರ್ಮದೊಳಗಿನ ಕೊಲಾಜನ್ ಎಳೆಗಳು ಬಿಗಿಯುತ್ತವೆ. ಮುಂದಿನ ತಿಂಗಳುಗಳಲ್ಲಿ ಹೊಸ ಎಳೆಗಳು ಹುಟ್ಟುತ್ತವೆ. ವಿದ್ಯುತ್ತಿಗೆ ಬಿಳಿ ಕಪ್ಪೆಂಬ ಭೇದವಿಲ್ಲ. ನಮ್ಮಂಥವರಿಗೆ ಇದರಿಂದ ದೊಡ್ಡ ಅನುಕೂಲ. ಕೂದಲೆಳೆಯಂಥ ಸೂಜಿಗಳನ್ನು ಚರ್ಮದೊಳಗೆ ಇಳಿಸಿ, ಅವುಗಳ ತುದಿಯಲ್ಲಿ ಕಾವು ಕೊಡುವ ಪದ್ಧತಿಯೂ ಬಂದಿದೆ. ಮೇಲ್ಚರ್ಮ ಬಹುಮಟ್ಟಿಗೆ ಉಳಿದುಕೊಳ್ಳುವುದರಿಂದ, ಮೊಡವೆಯ ಗುಂಡಿಗಳಿಗೆ ಕಾರ್ಬನ್ ಡಯಾಕ್ಸೈಡ್ ಲೇಸರ್ ಹಿಡಿದಾಗ ಆಗುವಷ್ಟು ಕಪ್ಪು ಕಲೆಯ ಭಯ ಇಲ್ಲಿ ಇಲ್ಲ.

ಹಾಗಾದರೆ ಆರ್‌ಎಫ್ ತರಿಸಿದರೆ ಮುಗಿಯಿತೆ? ಮಾರುವವರು ಹಾಗೆಯೇ ಹೇಳುತ್ತಾರೆ. ಎಲ್ಲ ಬಣ್ಣದವರಿಗೂ ಸುರಕ್ಷಿತ ಎಂಬ ಅವರ ಮಾತು ಅರ್ಧ ಸತ್ಯ. ಬಣ್ಣದ ಕಾರಣದಿಂದ ಸುಡುವುದು ಕಡಮೆ ಎಂಬುದು ನಿಜ. ಸುಡುವುದೇ ಇಲ್ಲವೆಂಬುದು ಸುಳ್ಳು. ಸೂಜಿಯ ಆರ್‌ಎಫ್‌ನಿಂದ ಸುಟ್ಟಗಾಯ, ಮಚ್ಚೆ, ಮುಖದ ಕೊಬ್ಬು ಕರಗಿ ಕುಳಿ ಬೀಳುವುದು, ನರಕ್ಕೆ ಪೆಟ್ಟು, ಇಂಥವು ವರದಿಯಾಗಿವೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಅಕ್ಟೋಬರದಲ್ಲಿ ಎಚ್ಚರಿಕೆ ಹೊರಡಿಸಿದೆ. ಇದು ಮನೆಯಲ್ಲಿ ಮಾಡಿಕೊಳ್ಳುವ ಕೆಲಸವಲ್ಲವೆಂದೂ ಹೇಳಿದೆ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟವರು ಈ ವಿದ್ಯುತ್ತಿನಿಂದ ದೂರವಿರಬೇಕು. ಸೂಜಿಗಳನ್ನು ಒಬ್ಬರಿಗೆ ಬಳಸಿ ಎಸೆಯಬೇಕು. ಬೆಲೆ ಹೆಚ್ಚೆಂದು ಇನ್ನೊಬ್ಬರಿಗೆ ಚುಚ್ಚಿದರೆ ರಕ್ತದಿಂದ ಹರಡುವ ರೋಗಗಳಿಗೆ ಬಾಗಿಲು ತೆರೆದಂತೆ. ಎಲ್ಲಕ್ಕಿಂತ ಮಿಗಿಲಾಗಿ, ಆರ್‌ಎಫ್ ಕೂದಲನ್ನು ತೆಗೆಯುವ ಯಂತ್ರವಲ್ಲ, ಬಂಗಿನ ಕಪ್ಪನ್ನು ಅಳಿಸುವ ಯಂತ್ರವೂ ಅಲ್ಲ.

ಹೀಗಿರುವಾಗ ಯಾವುದು ಮೇಲು ಎಂಬ ಪ್ರಶ್ನೆಯೇ ತಪ್ಪು. ಕತ್ತಿ ಮೇಲೋ ಹಾರೆ ಮೇಲೋ ಎಂದು ತೋಟದವನು ಕೇಳುವುದುಂಟೆ? ಸಣ್ಣ ಪೇಟೆಯ ವೈದ್ಯರು ಮೊದಲು ತಮ್ಮ ಒಂದು ವರುಷದ ರೋಗಿಗಳ ಪುಸ್ತಕ ತೆರೆದು ನೋಡಲಿ. ಕೂದಲಿನ ತೊಂದರೆಯವರು ಹೆಚ್ಚಿದ್ದರೆ 1064ರ ಲೇಸರ್ ತರಿಸಲಿ. ಮೊಡವೆಯ ಗುಂಡಿಯವರು ಹೆಚ್ಚಿದ್ದರೆ ಸೂಜಿಯ ಆರ್‌ಎಫ್ ಇರಲಿ. ಬಂಗಿನವರೇ ಹೆಚ್ಚಾದರೆ ಸದ್ಯಕ್ಕೆ ಯಾವ ಯಂತ್ರವೂ ಬೇಡ. ಬಿಸಿಲಿನಿಂದ ರಕ್ಷಣೆ, ವೈದ್ಯರು ಬರೆದುಕೊಟ್ಟ ಮುಲಾಮು, ತಾಳ್ಮೆ, ಇವೇ ಅದಕ್ಕೆ ಮೊದಲ ಮದ್ದು. ಕಾವು ಕೊಟ್ಟರೆ ಬಂಗು ಕೆರಳುವುದೂ ಉಂಟು. ಎರಡು ಯಂತ್ರಕ್ಕೆ ಶಕ್ತಿಯಿಲ್ಲದಿದ್ದರೆ ಒಂದನ್ನೇ ಚೆನ್ನಾಗಿ ಕಲಿತು, ಉಳಿದವರನ್ನು ಬೇರೆ ಕಡೆಗೆ ಕಳುಹಿಸುವುದು ವೈದ್ಯರಿಗೆ ಅವಮಾನವಲ್ಲ. ಹತ್ತು ಕೆಲಸ ಮಾಡುತ್ತೇನೆನ್ನುವ ಒಂದು ಯಂತ್ರವನ್ನು ಸಾಲ ಮಾಡಿ ತಂದರೆ, ತಿಂಗಳ ಕಂತು ಕಟ್ಟಲು ರೋಗಿಗಳನ್ನು ಹುಡುಕಬೇಕಾಗುತ್ತದೆ. ಆಗ ಬೇಕಾದವರಿಗೂ ಬೇಡದವರಿಗೂ ಅದೇ ಚಿಕಿತ್ಸೆ.

ನಮ್ಮ ಹವೆಯನ್ನೂ ಮರೆಯುವಂತಿಲ್ಲ. ಮಳೆಗಾಲದ ಗುಡುಗು ಮಿಂಚು, ಹೋಗಿ ಬರುವ ಕರೆಂಟು, ಕಡಲ ಕರೆಯ ಉಪ್ಪುಗಾಳಿ, ಇವೆಲ್ಲ ಸೂಕ್ಷ್ಮ ಯಂತ್ರಗಳ ವೈರಿಗಳು. ಕೆಟ್ಟರೆ ದುರಸ್ತಿಯವನು ಎಷ್ಟು ದಿನದಲ್ಲಿ ಬರುತ್ತಾನೆ, ಯಂತ್ರ ಹೇಳುವಷ್ಟೇ ಶಕ್ತಿಯನ್ನು ಹೊರಡಿಸುತ್ತಿದೆಯೇ ಎಂದು ಯಾರು ಪರೀಕ್ಷಿಸುತ್ತಾರೆ, ಇವನ್ನು ಕೊಳ್ಳುವ ಮೊದಲೇ ಬರೆಸಿಕೊಳ್ಳಬೇಕು.

ಯಂತ್ರದ ಮಾತು ಇಲ್ಲಿಗೆ ಸಾಕು. ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಚರ್ಮದ ಬಣ್ಣವನ್ನು ದರ್ಜೆಗಳಾಗಿ ವಿಂಗಡಿಸುವ ಒಂದು ಪಟ್ಟಿಯನ್ನು 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ವೈದ್ಯರು ಮಾಡಿದರು. ಇಂದಿಗೂ ಯಂತ್ರದ ಪ್ರಮಾಣವನ್ನು ನಿಗದಿಪಡಿಸಲು ಅದೇ ಆಧಾರ. ಮೊದಲು ಅದರಲ್ಲಿ ಬಿಳಿಯರ ದರ್ಜೆಗಳಷ್ಟೇ ಇದ್ದುವು. ಕಂದು ಮತ್ತು ಕಪ್ಪು ಚರ್ಮದವರ ಐದನೆಯ, ಆರನೆಯ ದರ್ಜೆಗಳನ್ನು ಆಮೇಲೆ ಸೇರಿಸಿದರು. ಪಟ್ಟಿಯಲ್ಲಿ ಕೊನೆಗೆ ಸೇರುವವರ ಅನುಭವ ಗಡಿನಾಡಿನ ನಮಗೆ ಹೊಸತಲ್ಲ. ಆದರೆ ಬಣ್ಣವನ್ನಾದರೂ ವೈದ್ಯರು ಕಣ್ಣಿನಿಂದ ಕಾಣಬಹುದು. ಬಿಸಿಲಿಗೆ ಹೋಗಿದ್ದೀರಾ, ಬೆಳ್ಳಗಾಗುವ ಕ್ರೀಮು ಹಚ್ಚುತ್ತೀರಾ, ಮೊಡವೆಗೆ ಮಾತ್ರೆ ನುಂಗುತ್ತೀರಾ, ಗಾಯ ಮಾಸಿದಲ್ಲಿ ಚರ್ಮ ದಪ್ಪಗಾಗಿ ಉಬ್ಬುತ್ತದೆಯೇ, ತುಟಿಯಲ್ಲಿ ಜ್ವರದ ಗುಳ್ಳೆ ಏಳುತ್ತದೆಯೇ, ಗರ್ಭಿಣಿಯೇ, ಇವನ್ನು ಕೇಳಿಯೇ ತಿಳಿಯಬೇಕು. ಕೇಳುವುದು ಯಾವ ಭಾಷೆಯಲ್ಲಿ?

ರೋಗಿಗೆ ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ಉಪಾಯ, ಇವನ್ನು ತಿಳಿಸಿಯೇ ಸಮ್ಮತಿ ಪಡೆಯಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿದೆ. ಓದಲು ಬಾರದ ಕಾಗದಕ್ಕೆ ಹಾಕಿದ ಸಹಿ ಎಂಥ ಸಮ್ಮತಿ? 2018ರ ಚಿಕಿತ್ಸಾಲಯಗಳ ಕಾಯಿದೆಯನ್ನು ಎತ್ತಿಹಿಡಿದ ಕೇರಳ ಹೈಕೋರ್ಟು 2025ರ ನವೆಂಬರದಲ್ಲಿ, ಸೇವೆಗಳ ದರಪಟ್ಟಿಯನ್ನು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕೆಂದಿತು. ಒಳ್ಳೆಯ ಆದೇಶ. ಸರಕಾರಕ್ಕೆ ಕನ್ನಡದಲ್ಲಿ ಪತ್ರ ಬರೆಯಲು 1969ರ ರಾಜ್ಯ ಭಾಷಾ ಕಾಯಿದೆ ನಮಗೆ ಅವಕಾಶ ಕೊಟ್ಟಿದೆ; ಅರ್ಜಿಗೆ ಸಲ್ಲುವ ಭಾಷೆ ಮೈಗೆ, ಮುಖಕ್ಕೆ ಸಲ್ಲದೆ ಹೋಗಬಾರದು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಚಿಕಿತ್ಸಾಲಯಗಳಲ್ಲಿ ಆ ಪಟ್ಟಿಯೂ ಸಮ್ಮತಿ ಪತ್ರವೂ ಕನ್ನಡದಲ್ಲಿಯೂ ಇರಲಿ ಎಂದು ಕೇಳುವುದು ಯಾರ ಮೇಲಿನ ಹಗೆಯೂ ಅಲ್ಲ. ನಮ್ಮೊಡನೆ ಕನ್ನಡ, ತುಳುಗಳಲ್ಲಿ ಆತ್ಮೀಯವಾಗಿ ಮಾತಾಡುವ ಮಲಯಾಳಿ ವೈದ್ಯರು ಎಷ್ಟೋ ಮಂದಿ ಇದ್ದಾರೆ. ಇತ್ತ ಮಂಗಳೂರಿಗೆ ಹೋದರೂ ಕೈಗೆ ಬರುವುದು ಇಂಗ್ಲಿಷ್ ಕಾಗದವೇ ಎಂಬುದನ್ನೂ ಒಪ್ಪಬೇಕು. ರೋಗಿಯ ಭಾಷೆಗೆ ಬೆಲೆಯಿಲ್ಲದಿರುವುದು ಗಡಿಯ ಎರಡು ಬದಿಯಲ್ಲೂ ಇರುವ ರೋಗ. ಲಕ್ಷಗಟ್ಟಲೆ ಸುರಿದು ಯಂತ್ರ ತರಿಸುವವರಿಗೆ ಕನ್ನಡದ ಒಂದು ಹಾಳೆ ಅಚ್ಚು ಹಾಕಿಸುವುದು ಭಾರವಲ್ಲ.

ಅರಶಿನ ಹಚ್ಚಿದರೆ ಸಾಲದೇ, ಮುಖಕ್ಕೆ ಯಂತ್ರವೇಕೆ ಎಂದು ಮನೆಯ ಹಿರಿಯರು ಗದರಿಸುವುದನ್ನು ಕೇಳಿದ್ದೇನೆ. ಅವರಲ್ಲಿ ಒಂದು ಬಿನ್ನಹ. ಗದ್ದದ ಕೂದಲಿಗೆ ಸೆರಗು ಅಡ್ಡ ಹಿಡಿಯುವ ಹುಡುಗಿಯ ಸಂಕಟ ಶೋಕಿಯದಲ್ಲ; ಅದರ ಹಿಂದೆ ದೇಹದೊಳಗಿನ ಹಾರ್ಮೋನಿನ ಏರುಪೇರು ಇರಬಹುದು, ಅದನ್ನೂ ವೈದ್ಯರು ನೋಡಬೇಕು. ಗದರಿಸಿದರೆ ಅವಳು ಒಬ್ಬಳೇ, ಗುಟ್ಟಾಗಿ, ಅಗ್ಗದ ಕಡೆಗೆ ಹೋಗುತ್ತಾಳೆ. ಮನೆಯವರೊಬ್ಬರು ಜೊತೆಗೆ ಹೋಗಲಿ. ಕಪ್ಪನ್ನು ಬಿಳಿ ಮಾಡುತ್ತೇವೆನ್ನುವವರ ಮೆಟ್ಟಿಲು ಹತ್ತಬಾರದು. ಹುಟ್ಟಿನ ಬಣ್ಣವನ್ನು ಮಾರಾಟಕ್ಕಿಟ್ಟವರು ವೈದ್ಯರಲ್ಲ, ವ್ಯಾಪಾರಿಗಳು. ಚಿಕಿತ್ಸೆಗೆ ಮೊದಲು ನಾಲ್ಕು ಮಾತು ಕೇಳಿ: ಇದು ಯಾವ ಯಂತ್ರ? ನನ್ನ ಬಣ್ಣದವರಿಗೆ ಹಿಡಿದು ಅನುಭವವಿದೆಯೇ? ಕಿವಿಯ ಹಿಂದೆಯೋ ಗದ್ದದ ಅಡಿಯಲ್ಲೋ ಸ್ವಲ್ಪ ಜಾಗದಲ್ಲಿ ಪರೀಕ್ಷಿಸಿ ನೋಡುತ್ತೀರಾ? ಸುಟ್ಟರೆ ನೋಡಿಕೊಳ್ಳುವ ಚರ್ಮವೈದ್ಯರು ಯಾರು?

ಈ ನಾಲ್ಕನ್ನೂ ಕನ್ನಡದಲ್ಲೇ ಕೇಳಿ. ಉತ್ತರ ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಹೇಳಿ. ಮತ್ತೊಮ್ಮೆ ಕೇಳಲು ನಾಚಿಕೊಂಡ ಒಂದು ನಿಮಿಷಕ್ಕೆ ನನ್ನ ಸೊಸೆ ಐದು ತಿಂಗಳು ತೆತ್ತಳು. ಅರ್ಥವಾಗದ ಮಾತಿಗೆ ಇನ್ನು ಮೇಲೆ ನಮ್ಮವರು ಯಾರೂ ತಲೆಯಾಡಿಸದಿರಲಿ.