ಹಾರ್ಡ್‌ವೇರ್ ಎಂದರೆ ರಿಪೇರಿಯಲ್ಲ

ಮಗಳು ಕಂಪ್ಯೂಟರ್ ಓದುತ್ತೇನೆಂದರೆ ನಮ್ಮ ಪಟ್ಟಣಗಳ ಮನೆಗಳಲ್ಲಿ ಸಂತೋಷ. ಅದೇ ಮಗಳು ಇಂಜಿನಿಯರಿಂಗ್ ಮುಗಿಸಿ ಪ್ರೊಸೆಸರ್ ವಿನ್ಯಾಸದಲ್ಲಿ ಎಂ.ಟೆಕ್. ಮಾಡುತ್ತೇನೆಂದರೆ ಮನೆಯಲ್ಲಿ ಮೌನ ಆವರಿಸುತ್ತದೆ. ಹಾರ್ಡ್‌ವೇರ್ ಎಂದರೆ ಕೆಟ್ಟ ಯಂತ್ರ ಬಿಚ್ಚುವ ಕೆಲಸವೆಂಬ ಕಲ್ಪನೆಯೇ ಇದಕ್ಕೆ ಕಾರಣ. ರಿಪೇರಿಯ ಕಸುಬು ಕೀಳೆಂದು ನಾವು ಹೇಳುತ್ತಿಲ್ಲ. ಎಷ್ಟೋ ಕುಟುಂಬಗಳ ಅನ್ನ ಅದರಲ್ಲಿದೆ. ಆದರೆ ಇದು ಬೇರೆಯೇ ವಿದ್ಯೆ.

ಮದುವೆ ಮನೆಯ ಅಡುಗೆಯಲ್ಲಿ ಒಬ್ಬರು ಹಿಟ್ಟು ನಾದಿದರೆ ಇನ್ನೊಬ್ಬರು ಲಟ್ಟಿಸುತ್ತಾರೆ, ಮತ್ತೊಬ್ಬರು ಬೇಯಿಸುತ್ತಾರೆ. ಮೂವರ ಕೈಯೂ ಏಕಕಾಲಕ್ಕೆ ಓಡುವುದರಿಂದ ರೊಟ್ಟಿಗಳು ಬೇಗ ಸಿದ್ಧವಾಗುತ್ತವೆ. ಪ್ರೊಸೆಸರ್ ಕೂಡ ಆದೇಶಗಳನ್ನು ಹೀಗೆಯೇ ಹಂತಹಂತವಾಗಿ ಸಾಗಿಸುತ್ತದೆ. ಇದನ್ನು ಪೈಪ್‌ಲೈನ್ ಎನ್ನುತ್ತಾರೆ. ಮುಂದಿನ ಆದೇಶ ಯಾವುದೆಂದು ಖಚಿತವಾಗುವ ಮೊದಲೇ ಅದು ಊಹಿಸಿ ಕೆಲಸ ಆರಂಭಿಸುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನು ಕೈಬಿಡುತ್ತದೆ. ವೇಗಕ್ಕಾಗಿ ಹೂಡಿದ ಈ ಉಪಾಯವೇ 2018ರ ಜನವರಿಯಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿತು. ಕೈಬಿಟ್ಟ ಕೆಲಸದ ಕುರುಹು ಕ್ಯಾಶ್ ಎಂಬ ಕಿರುಸ್ಮೃತಿಯಲ್ಲಿ ಉಳಿಯುತ್ತದೆ, ಅದರ ಜಾಡು ಹಿಡಿದು ಪಾಸ್‌ವರ್ಡ್‌ಗಳನ್ನೂ ಕದಿಯಬಹುದು ಎಂದು ಸಂಶೋಧಕರು ಬಯಲುಮಾಡಿದರು. ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಆ ಲೋಪಗಳಿದ್ದುದು ಸಾಫ್ಟ್‌ವೇರ್‌ನಲ್ಲಲ್ಲ, ಚಿಪ್‌ನ ವಿನ್ಯಾಸದಲ್ಲೇ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆಗಳೆಲ್ಲ ಇಂತಹ ಚಿಪ್‌ಗಳನ್ನೇ ನಂಬಿಕೊಂಡಿವೆ. ಅವುಗಳ ಒಳಗನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಪ್ರಚಲಿತ ಪ್ರೊಸೆಸರ್‌ಗಳ ಆದೇಶಾವಳಿಯನ್ನು ಬಳಸಿ ಹೊಸ ಚಿಪ್ ರೂಪಿಸಲು ಕಂಪೆನಿಗಳ ಪರವಾನಗಿ ಬೇಕು. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ರಿಸ್ಕ್-ಫೈವ್ ಈ ಕಟ್ಟನ್ನು ಸಡಿಲಿಸಿತು. ಅದರ ಆದೇಶಾವಳಿಯನ್ನು ಯಾರೂ ಬಳಸಬಹುದು. ಅದನ್ನಾಧರಿಸಿ ಮದ್ರಾಸ್ ಐಐಟಿಯವರು 'ಶಕ್ತಿ' ಪ್ರೊಸೆಸರ್ ರೂಪಿಸಿದರು. 2018ರಲ್ಲಿ ಅದರ ಒಂದು ಚಿಪ್, ಆಗ ಇಸ್ರೋದ ಅಧೀನದಲ್ಲಿದ್ದ ಸೆಮಿಕಂಡಕ್ಟರ್ ಪ್ರಯೋಗಾಲಯದಲ್ಲಿ ತಯಾರಾಯಿತು. ಈ ವಿಷಯದ ಐಐಟಿ ಪಾಠಗಳನ್ನು ಎನ್‌ಪಿಟಿಇಎಲ್‌ನಲ್ಲಿ ಹಣ ಕೊಡದೆ ನೋಡಬಹುದು.

ಹಾಗಿದ್ದರೆ ಕೊರತೆ ಎಲ್ಲಿದೆ? ಮುಖ್ಯವಾಗಿ ನಮ್ಮ ತಾಳ್ಮೆಯಲ್ಲಿ. ಮಗನಿಗೆ ತಕ್ಷಣ ಸಂಬಳ ಬರಬೇಕು, ಮಗಳಿಗೆ ತಕ್ಷಣ ಸಂಬಂಧ ಕೂಡಿಬರಬೇಕು, ಎಂ.ಟೆಕ್.ನ ಎರಡು ವರ್ಷ ನಮಗೆ ದೀರ್ಘವಾಗಿ ಕಾಣುತ್ತದೆ. ಇನ್ನು ಕಾಲೇಜುಗಳ ವಿಷಯ. ಪುಸ್ತಕ ಓದಿ ಅಂಕ ಪಡೆದರೆ ಈ ವಿದ್ಯೆ ಒಲಿಯದು. ವೆರಿಲಾಗ್‌ನಲ್ಲಿ ಸ್ವತಃ ಒಂದು ಸಣ್ಣ ಪ್ರೊಸೆಸರ್ ಬರೆದು, ಎಫ್‌ಪಿಜಿಎ ಫಲಕದ ಮೇಲೆ ಓಡಿಸಿ, ತಪ್ಪು ಹುಡುಕಿ ತಿದ್ದಬೇಕು. ಪ್ರವೇಶಕ್ಕೆ ಮುನ್ನ ಕಾಲೇಜಿನ ಕಟ್ಟಡವನ್ನೂ ಹಾಸ್ಟೆಲನ್ನೂ ನೋಡಿ ಬರುವ ಹೆತ್ತವರು ಪ್ರಯೋಗಾಲಯಕ್ಕೂ ಹೋಗಲಿ. ಆ ಫಲಕಗಳು ಮಕ್ಕಳ ಕೈಯಲ್ಲಿವೆಯೋ, ಬೀಗ ಹಾಕಿದ ಕಪಾಟಿನಲ್ಲಿವೆಯೋ ಎಂದು ವಿಚಾರಿಸಲಿ.